ಬೆಳಗಾಗೆದ್ದು ಪಂಪು ಕೆಡಿಸುವ ಅಕ್ಕ

ಬೀದಿದೀಪ ಇನ್ನೂ ಆರಿಲ್ಲ. ತಾಂತ್ರಿಕ ತರಬೇತಿ ಶಾಲೆಯ ಕಾರ್ಯಾಗಾರದಲ್ಲಿ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು, ನಿನ್ನೆ ಸಂಜೆಯವರೆಗೆ ಚೆನ್ನಾಗಿದ್ದ ನೀರೆತ್ತುವ ಪಂಪನ್ನು ಶ್ರದ್ಧೆಯಿಂದ ಹಾಳುಮಾಡುತ್ತಿದ್ದಾರೆ. ವಾಷರ್ ಸೀಳುತ್ತಾರೆ, ವೈರು ಸಡಿಲಿಸುತ್ತಾರೆ, ಮುಚ್ಚಳ ಬಿಗಿದು ಏನೂ ಅರಿಯದವರಂತೆ ಕೈ ಒರೆಸಿಕೊಳ್ಳುತ್ತಾರೆ. ಸಂಬಳ ಕೊಟ್ಟು ಕೆಡಿಸಲು ಇಟ್ಟುಕೊಂಡಿರುವುದು ಬಹುಶಃ ಇವರೊಬ್ಬರನ್ನೇ.

ಹಾಜರಿ ಪುಸ್ತಕದಲ್ಲಿ ‘ಸಹಾಯಕಿ’. ಮಕ್ಕಳ ಬಾಯಲ್ಲಿ ‘ಕೆಡಿಸೋ ಅಕ್ಕ’.

ಗಂಡನಿಗೆ ಪಂಪು ರಿಪೇರಿ ಅಂಗಡಿಯಿತ್ತು. ಅವರ ಸೊಂಟ ಬಿದ್ದುಹೋದ ಮೇಲೆ ಕೆಲವು ವರ್ಷ ಅಕ್ಕನೇ ನಡೆಸಿದರು, ಆಮೇಲೆ ಬಾಗಿಲು ಹಾಕಿ ಇಲ್ಲಿ ಕಸ ಗುಡಿಸಲು ಸೇರಿದರು. ಪಂಪಿನ ಚಿತ್ರವನ್ನು ಕಣ್ಣು ಮುಚ್ಚಿ ಬರೆಯುವ ಮಕ್ಕಳು, ನಿಂತುಹೋದ ಪಂಪಿನ ಮುಂದೆ ಬಾಯಿ ಬಿಟ್ಟು ನಿಲ್ಲುತ್ತಿದ್ದರು. “ಚಿತ್ರದಲ್ಲಿರೋ ಪಂಪು ಯಾವತ್ತೂ ಕೆಡಲ್ಲ ಕಣ್ರೀ. ಕೆಡದೇ ಇರೋದ್ರಲ್ಲಿ ರಿಪೇರಿ ಕಲಿಯೋದು ಹೆಂಗೆ?” ಎನ್ನುತ್ತಾರೆ ಅಕ್ಕ. ಪಾಠ ಹೇಳುವ ಮೇಷ್ಟ್ರಿಗೂ ಅದೇ ಚಿಂತೆ. ಒಂದು ದಿನ ಅವರೇ ಕೇಳಿದರು: “ಅಕ್ಕಾ, ನಿಮ್ಮಂಗಡಿಗೆ ಬರ್ತಿದ್ದ ರೋಗಗಳನ್ನ ಇಲ್ಲಿನ ಪಂಪುಗಳಿಗೂ ಅಂಟಿಸಿಕೊಡ್ತೀರಾ?”

ಅಂದಿನಿಂದ ನಾಲ್ಕು ಪಂಪು, ದಿನಕ್ಕೊಂದೊಂದು ಕಾಯಿಲೆ. ಒಮ್ಮೆ ಮಾತ್ರ ಏನು ಕೆಡಿಸಿದ್ದೆನೆಂದು ಅಕ್ಕನಿಗೇ ಮರೆತುಹೋಯಿತು. ಮೇಷ್ಟ್ರು, ಮಕ್ಕಳು, ಅಕ್ಕ, ಎಲ್ಲರೂ ಮಧ್ಯಾಹ್ನದವರೆಗೆ ತಡಕಾಡಿದರು. “ಅವತ್ತು ಕಲಿತಷ್ಟು ಯಾವತ್ತೂ ಕಲಿತಿಲ್ಲ” ಎನ್ನುತ್ತಾರೆ ಮೇಷ್ಟ್ರು.

ಮನೆಯಲ್ಲಿ ಹಾಸಿಗೆಗೆ ಒರಗಿದ ಗಂಡ ನಗುತ್ತಾರೆ: “ಜನ್ಮವಿಡೀ ನಾನು ಸರಿಮಾಡಿದ್ದನ್ನೆಲ್ಲ ಇವಳು ಕೂತ್ಕೊಂಡು ಸಮ ಮಾಡ್ತಿದಾಳೆ.”

“ನೀವು ಸರಿಮಾಡಿದ್ದು ತಾನಾಗೇ ಕೆಡ್ತಿತ್ತು. ನನಗೆ ಕಷ್ಟ ಕೊಡ್ತಿರ್ಲಿಲ್ಲ” ಎಂಬುದು ಅಡುಗೆಮನೆಯಿಂದ ಬಂದ ಉತ್ತರ.

ಈಗ ಶಾಲೆಗೆ ಹೊಸ ಪಂಪುಗಳು ಬಂದಿವೆ. ಮೈಯೆಲ್ಲ ಪಾರದರ್ಶಕ, ಒಳಗೆ ನೀರು ಸಾಗುವ ದಾರಿಯಲ್ಲಿ ದೀಪ. ಆದರೆ ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ, ಹಾಗಾಗಿ ಮುಟ್ಟುವಂತಿಲ್ಲ. ಬರುವ ಸೋಮವಾರ ಹಳೆಯವು ನಾಲ್ಕೂ ಗುಜರಿಗೆ, ಅಕ್ಕ ಗೇಟು ಕಾಯುವ ಕುರ್ಚಿಗೆ. “ಅಕ್ಕನ ಕೆಲಸದ ಬೆಲೆ ಗೊತ್ತು. ಆದ್ರೆ ಹಳೇ ಪಂಪು, ಹೊಸ ಪಂಪು ಎರಡೂ ಇಡೋಕೆ ಜಾಗ ಇಲ್ಲ” ಎನ್ನುತ್ತಾರೆ ಪ್ರಾಂಶುಪಾಲರು. ಕೋಣೆ ನೋಡಿದರೆ ಅವರ ಮಾತೂ ಸುಳ್ಳಲ್ಲ.

ಬೇಜಾರಿಲ್ಲವೇ ಎಂದು ಕೇಳಿದರೆ ಅಕ್ಕ ಹೊಸ ಪಂಪಿನ ಸುತ್ತ ಒಂದು ಸುತ್ತು ಬರುತ್ತಾರೆ.

“ಚೆನ್ನಾಗೇ ಇದೆ. ಒಳಗೆ ನೀರು ಹೆಂಗೆ ತಿರುಗುತ್ತೆ ಅಂತ ನಾನೂ ಕಣ್ಣಾರೆ ಕಂಡಿದ್ದು ಇದರಲ್ಲೇ. ಹಳೇವು ಹೋದ್ರೆ ಹೋಗ್ಲಿ ಬಿಡಿ. ಹೊಸದ್ರಲ್ಲಿ ಒಂದನ್ನ, ಒಂದೇ ಒಂದನ್ನ, ಕೆಡಿಸೋಕೆ ಕೊಡ್ಲಿ ಸಾಕು.”