ಕುಂಕುಮ ಹತ್ತಿದ ಮುಚ್ಚಳ

ಇವತ್ತು ಬೆಳಿಗ್ಗೆ ಎಂಟೂವರೆಗೆ ಸಿದ್ಧಾರ್ಥನಗರದ ನಮ್ಮ ಮನೆ ಮುಂದಿನ ಪಾರ್ಕಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಶುರುವಾಯಿತು. ಹಸಿಹುಲ್ಲು, ಪೆಟ್ರೋಲು ಬೆರೆತ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಕಾಫಿ ಲೋಟ ಕೆಳಗಿಟ್ಟೆ. ಎಂಜಿನ್ ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾಯತೊಡಗಿದೆ. ಅಂದೂ ಗಂಟೆ ಎಂಟೂವರೆಯೇ...

ಆಗ ನಾನು ಬಿ.ಎಸ್ಸಿ. ಓದುತ್ತಿದ್ದೆ. ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಎದುರು ಮನೆಯವರು ನಂಟರಲ್ಲದಿದ್ದರೂ ಅವರನ್ನು ಮಾವ, ಅವರ ಹೆಂಡತಿಯನ್ನು ಅತ್ತೆ ಎನ್ನುತ್ತಿದ್ದೆ. ಸ್ವಾತಂತ್ರ್ಯ ಬಂದ ಮೇಲೆ ಊರು ಬಿಟ್ಟ ಇಂಗ್ಲಿಷ್ ದೊರೆಯೊಬ್ಬನ ಬಂಗಲೆಯ ಹರಾಜಿನಲ್ಲಿ ಮಾವ ಹುಲ್ಲು ಕತ್ತರಿಸುವ ಯಂತ್ರ ತಂದಿದ್ದರು. ಮನೆ ಮುಂದಿನ ಹುಲ್ಲೋ, ನಾಲ್ಕು ಚಾಪೆ ಹಾಸಿದರೆ ಮುಗಿಯುವಷ್ಟು.

"ಎರಡು ಮೇಕೆ ಕಟ್ಟಿದ್ರೆ ಹಾಲಾದ್ರೂ ಸಿಗೋದು," ಎಂದು ಅತ್ತೆ ಅಣಕಿಸುತ್ತಿದ್ದರು.

ಆ ವರ್ಷದ ಆಯುಧಪೂಜೆಗೆ ಮಾವ ಯಂತ್ರದ ಮೈಗೆಲ್ಲ ವಿಭೂತಿ ಪಟ್ಟೆ ಎಳೆದು, ಪೆಟ್ರೋಲು ಟ್ಯಾಂಕಿನ ಹಿತ್ತಾಳೆ ಮುಚ್ಚಳದ ನೆತ್ತಿಗೆ ಗಂಧ ಮೆತ್ತಿ ಕುಂಕುಮ ಇಟ್ಟರು. ಪೂಜೆಯ ಕುಂಕುಮ ತಾನಾಗಿ ಉದುರಬೇಕು, ಒರೆಸಬಾರದು ಎಂಬುದು ಅವರ ಕಟ್ಟುನಿಟ್ಟು. ಮರುದಿನ ವಿಜಯದಶಮಿ, ಬೆಳಿಗ್ಗೆ ಎಂಟೂವರೆ. ಎಂಜಿನ್ ಶುರುವಾಗುತ್ತಿತ್ತು, ಒಂದು ಸುತ್ತು ಮುಗಿಯುವಷ್ಟರಲ್ಲಿ ಕೆಮ್ಮಿ ನಿಲ್ಲುತ್ತಿತ್ತು. ಪ್ಲಗ್ ಬಿಚ್ಚಿ ಉಜ್ಜಿದರು. ಪೆಟ್ರೋಲಿನ ಕೊಳವೆ ಊದಿದರು. ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೇ ಎಂದು ಮುಚ್ಚಳ ತೆಗೆದು ನೋಡಿ ಹಾಕಿದರೆ ಮಾತ್ರ ಇನ್ನೊಂದು ಸುತ್ತು... ಬೇಲಿಯಾಚೆ ಜನ ನಿಂತು ನಗತೊಡಗಿದ್ದರು. ಇವತ್ತು ಓಡದಿದ್ದರೆ ನಾಳೆ ಗುಜರಿಗೆ ಎಂದು ಅತ್ತೆ ಒಳಗಿನಿಂದಲೇ ಹೇಳಿದರು.

"ಮುಚ್ಚಳ ತೆಗೆದ್ರೆ ಓಡ್ತದೆ ಕಣಮ್ಮ. ತೆಗೆದೇ ಓಡಿಸ್ತೀನಿ," ಎಂದರು ಮಾವ, ಪಕ್ಕದಲ್ಲಿದ್ದ ನನಗೆ.

ಮುಚ್ಚಳವನ್ನು ಹುಲ್ಲಿನ ಮೇಲೆ ಹಾಕಿ ಎಂಜಿನ್ನಿನ ಹಗ್ಗ ಎಳೆದೇಬಿಟ್ಟರು. ಬೇಡ ಎಂದೆ. ಆ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ... ಯಂತ್ರ ಒಂದು ಕಲ್ಲಿನ ಮೇಲೆ ಎಗರಿತು. ಪೆಟ್ರೋಲು ತುಳುಕಿ ಕಾದ ಎಂಜಿನ್ ಮೇಲೆ ಬಿತ್ತು. ಭುಗ್ಗೆಂದಿತು. ಮಾವನ ಪಂಚೆ ಹತ್ತಿಕೊಂಡಿತು. ಅತ್ತೆ ಬಕೆಟ್ ನೀರು ಹಿಡಿದು ಓಡಿ ಬಂದರು. ನೀರು ಎರಚಿದರೆ ಉರಿಯುವ ಪೆಟ್ರೋಲು ಇನ್ನಷ್ಟು ಹರಡುತ್ತದೆ ಎಂದು ಕೂಗುತ್ತಾ ಅಡ್ಡ ನಿಂತೆ. ಬಾಗಿಲ ಬಳಿಯ ಗೋಣಿತಟ್ಟನ್ನು ಅದೇ ಬಕೆಟ್ಟಿಗೆ ಅದ್ದಿ ಮಾವನ ಕಾಲಿಗೆ ಸುತ್ತಿದೆ. ನಗುತ್ತಿದ್ದವರೇ ಬೇಲಿ ಹಾರಿ ಬಂದು ಯಂತ್ರದ ಮೇಲೆ ಮಣ್ಣು ಸುರಿದರು.

ಮಾವನ ಬಲಗಾಲು ಮೊಣಕಾಲಿನವರೆಗೆ ಬೆಂದಿತ್ತು. ಕಾಲು ಉಳಿಯುವುದು ಅನುಮಾನ ಎಂದರು ಡಾಕ್ಟರು. ಎದುರು ಮನೆಯ ದೀಪ ಆಮೇಲೆ ರಾತ್ರಿಯಿಡೀ ಉರಿಯುತ್ತಿತ್ತು. ಇತ್ತ ನನಗೂ ಕಣ್ಣು ಮುಚ್ಚಿದರೆ ಅದೇ ಭುಗ್ಗೆನ್ನುವ ಸದ್ದು. ಅಡುಗೆಮನೆಯಲ್ಲಿ ಅಮ್ಮ ಬೆಂಕಿಕಡ್ಡಿ ಗೀರಿದರೂ ಬೆಚ್ಚಿಬೀಳುತ್ತಿದ್ದೆ.

ಒಂದು ದಿನ ಅತ್ತೆಗೆ ಹುಲ್ಲಿನಲ್ಲಿ ಆ ಮುಚ್ಚಳ ಸಿಕ್ಕಿತು. ಕುಂಕುಮ ಇಟ್ಟದ್ದು ಕಾಲಡಿಗೆ ಸಿಗಬಾರದೆಂದು ತಂದು, ದೇವರ ದೀಪಗಳ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿ, ಜಗಲಿಯ ಮೇಲೆ ಒಣಗಲಿಟ್ಟರು. ನಾನು ಸುಮ್ಮನೆ ಎತ್ತಿ ಹಿಡಿದೆ. ಅಂಗೈ ಮೇಲೆ ಸಾಸಿವೆಯಷ್ಟು ಬಿಸಿಲು ಬಿತ್ತು. ಮುಚ್ಚಳದ ನೆತ್ತಿಯಲ್ಲಿ ಗಾಳಿಯಾಡಲೆಂದೇ ಒಂದು ತೂತಿತ್ತು. ತಿಕ್ಕುವ ಮೊದಲು ಅದರಲ್ಲಿ ಪೂಜೆಯ ಗಂಧ ಒಣಗಿ ಕೂತಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲು ಕೆಳಗೆ ಇಳಿಯುತ್ತಿರಲಿಲ್ಲ, ಅಷ್ಟೇ.

"ಹಂಗಾದ್ರೆ ದೇವರೇ ತಡೆದಿದ್ದ ಅನ್ನು," ಎಂದು ಮಲಗಿದ್ದಲ್ಲೇ ಮಾವ ನಕ್ಕರು.

"ದೇವರಲ್ಲ ಕಣ್ರೀ, ನೀವು ಮೆತ್ತಿದ ಅರ್ಧ ಬಟ್ಲು ಗಂಧ," ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಉರೀತಿರೋ ಮನುಷ್ಯನ ಮುಂದೆ ನಿಂತು ನೀರು ಬೇಡ ಅಂತ ಪಾಠ ಹೇಳಿದೋಳು ನೀನೊಬ್ಬಳೇ ಕಣಮ್ಮ," ಎಂದವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಕಾಲು ಉಳಿಯಿತು. ಕಟ್ಟು ಬಿಚ್ಚಿದ ದಿನ ಮಾವ ಕೋಲೂರಿ ಹೊರಗೆ ಬಂದು, ರಿಪೇರಿ ಮಾಡಿಸಿದ್ದ ಯಂತ್ರಕ್ಕೆ ಮುಚ್ಚಳ ಬಿಗಿದರು, ನಾನು ಹಗ್ಗ ಎಳೆದೆ. ಟ್ಯಾಂಕು ಬರಿದಾಗುವವರೆಗೂ ಎಂಜಿನ್ ನಿಲ್ಲಲಿಲ್ಲ. ಅಷ್ಟು ಹೊತ್ತೂ ಅತ್ತೆ ಬಕೆಟ್ ಹಿಡಿದು ಹೊಸ್ತಿಲಲ್ಲೇ ನಿಂತಿದ್ದರು. ಅದರಲ್ಲಿ ನೀರಿರಲಿಲ್ಲ, ಮಣ್ಣಿತ್ತು.

ಇಬ್ಬರೂ ಈಗಿಲ್ಲ. ಆ ಮನೆಯೂ ಇಲ್ಲ. ಪಾರ್ಕಿನ ಯಂತ್ರ ಇನ್ನೂ ಓಡುತ್ತಲೇ ಇದೆ. "ನಿಲ್ಲಲಿಲ್ಲ, ಮಾವ" ಎಂದು ಹೇಳೋಣವೆಂದರೆ... ಕಟ್ಟು ಬಿಚ್ಚಿದ ಆ ದಿನ ಎದುರು ಮನೆಯ ದೀಪ ಬೇಗನೆ ಆರಿತ್ತು. ಅದನ್ನು ನೋಡಿ ಮಲಗಿದ ನನಗೆ ಬೆಳಗಿನವರೆಗೂ ಎಚ್ಚರವಾಗಲಿಲ್ಲ.