ಹರಿದ ತಿದಿಯ ಲೆಗ್ ಹಾರ್ಮೋನಿಯಂ

ದೆವ್ವ, ಪವಾಡ, ಮೈಮೇಲೆ ಬರುವುದು ಇವೆಲ್ಲ ಕೆಲಸವಿಲ್ಲದವರ ಕಸುಬು ಎಂದು ನಂಬಿದವನು ನಾನು. ಅಂಥ ಕಥೆ ಹೇಳುವವರಿಗೆ ಮುಖಕ್ಕೆ ಹೊಡೆದ ಹಾಗೆ ಬಯ್ದಿದ್ದೇನೆ. ಈಗ ನಾನೇ ಒಂದನ್ನು ಹೇಳಬೇಕಾಗಿದೆ, ನಗುವುದಾದರೆ ನಗಿರಿ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಮಾಯಸಂದ್ರದ ನಮ್ಮ ಮನೆಗೆ ತಿಪಟೂರಿನ ಪಾದ್ರಿಯೊಬ್ಬರು ಒಬ್ಬ ಇಂಗ್ಲಿಷ್ ಮುದುಕನನ್ನು ಕರೆತಂದರು. ಐವತ್ತು ವರ್ಷ ತನ್ನ ದೇಶದ ಚರ್ಚುಗಳಲ್ಲೂ ದೊಡ್ಡ ದೊಡ್ಡ ಕಛೇರಿಗಳಲ್ಲೂ ಆರ್ಗನ್ ನುಡಿಸಿದವನಂತೆ. ಕಿವಿ ಪೂರ್ತಿ ಹೋಗಿ, ಅದರ ಹಿಂದೆಯೇ ಕೆಲಸವೂ ಹೋಗಿತ್ತು. ನಮ್ಮಲ್ಲಿ ಕಾಲಿನಿಂದ ತಿದಿ ತುಳಿದು ನುಡಿಸುವ ಹಳೆಯ ಲೆಗ್ ಹಾರ್ಮೋನಿಯಂ ಇದೆಯೆಂದು ತಿಳಿದು, ಸಾಯುವುದರೊಳಗೆ ಇನ್ನೊಂದು ಸಲ ಯಾರಾದರೂ ಕೇಳುವಂತೆ ನುಡಿಸಬೇಕೆಂದು ಹಟ ಹಿಡಿದಿದ್ದ. ಪಾದ್ರಿಗಳು ಅವನನ್ನು ಕೂರಿಸಿ ಯಾರನ್ನೋ ನೋಡಲು ಹೋದರು.

ನಾನು ನಲವತ್ತು ವರ್ಷ ಹಾರ್ಮೋನಿಯಂ ಪಾಠ ಹೇಳಿದವನು. ಅವನು ತೋರಿಸಿದ ಫೋಟೋಗಳನ್ನು ನೋಡಿ ಅಸಹ್ಯವೇ ಆಯಿತು. ಎಲ್ಲದರಲ್ಲೂ ಕರಿ ಕೋಟು, ಎತ್ತಿದ ಗದ್ದ, ಮುಂದೆ ಕಾಗದ. ಬರೆದದ್ದನ್ನು ನೋಡಿಕೊಂಡು ನುಡಿಸುವುದೂ ಒಂದು ಸಂಗೀತವೇ? ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ಕೇಳಿದ್ದೆ. ಇಲ್ಲಿ ಬಾರಿಸುವವನೇ ಕಿವುಡ! ನಮ್ಮಪ್ಪ ನಾಟಕಗಳಿಗೆ ನುಡಿಸುತ್ತಿದ್ದ ಆ ಪೆಟ್ಟಿಗೆಯ ತಿದಿಯನ್ನು ಇಲಿ ತಿಂದು ಎಷ್ಟೋ ಕಾಲವಾಗಿತ್ತು. ಗಾಳಿ ನಿಲ್ಲದು, ಸ್ವರ ಹೊರಡದು. ಬೇಕೆಂದೇ ಹೇಳಲಿಲ್ಲ. ತುಳಿದು ತುಳಿದು ಸುಸ್ತಾಗಲಿ ಎಂದುಕೊಂಡೆ.

ಅವನು ಕಣ್ಣು ಮುಚ್ಚಿ ಅರ್ಧ ಗಂಟೆ ನುಡಿಸಿದ. ಕೀಗಳ ಟಕಟಕ ಬಿಟ್ಟರೆ ಏನೂ ಇಲ್ಲ. ನಾನು ಆಕಳಿಸುತ್ತಾ ಕುಳಿತಿದ್ದೆ.

ಹಿತ್ತಲಲ್ಲಿ ನನ್ನ ಹೆಂಡತಿ ಅಟ್ಟದಿಂದ ಇಳಿಸಿದ ತೆಂಗಿನಕಾಯಿ ಆರಿಸುತ್ತಿದ್ದಳು. ಒಂದೊಂದನ್ನೇ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಒಣಗಿದ ಕೊಬ್ಬರಿ ಲೊಟಲೊಟ ಎಂದರೆ ಸುಲಿಯುವುದಕ್ಕೆ, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಮುದುಕ ಕೈ ತೆಗೆದ ಕೂಡಲೇ ಬಾಗಿಲಿಗೆ ಬಂದಳು. ಕಣ್ಣು ಒದ್ದೆಯಾಗಿತ್ತು.

"ಕಾಯಿ ಆರ್ಸಕ್ಕೇ ಆಗ್ಲಿಲ್ಲ ಕಣ್ರೀ. ಎಷ್ಟು ಅಲ್ಲಾಡ್ಸಿದ್ರೂ ಪೆಟ್ಗೆ ಸದ್ದೇ ಕಿವಿ ತುಂಬ್ಕತಿತ್ತು. ಅಂಗೇ ಕೇಳ್ತಾ ಕುಂತ್ಬುಟ್ಟೆ."

ಹಿತ್ತಲಿಗೆ ಓಡಿ ನೋಡಿದೆ. ಕಾಯಿಯ ರಾಶಿ ಇದ್ದಂತೆಯೇ ಇತ್ತು. ಬಂದು ಪೆಟ್ಟಿಗೆಯ ಹಿಂದೆ ಕೈ ಹಾಕಿದೆ. ತಿದಿಯ ತೂತಿನಲ್ಲಿ ನಾಲ್ಕು ಬೆರಳು ತೂರಿದವು.

ಮುದುಕ ನನ್ನ ಮುಖವನ್ನೇ ನೋಡುತ್ತಿದ್ದ. ಕಿವಿ ಮುಟ್ಟಿಕೊಂಡು, ಕೇಳಿಸಿತೇ ಎಂದು ಸನ್ನೆ ಮಾಡಿದ. ಇಲ್ಲವೆಂದು ನಾನು ತಲೆಯಾಡಿಸುವ ಮೊದಲೇ ಅವಳು ಅವನಿಗೆ ಕೈ ಮುಗಿದಳು. ಅವನು ಅತ್ತುಬಿಟ್ಟ.

ಅವಳು ಸುಳ್ಳು ಹೇಳುವವಳಲ್ಲ. ನನ್ನ ಕಿವಿಯೂ ಕೆಟ್ಟಿಲ್ಲ, ಡಾಕ್ಟರಿಗೂ ತೋರಿಸಿಕೊಂಡು ಬಂದೆ. ನನಗಂತೂ ಇದು ಬಗೆಹರಿದಿಲ್ಲ.

"ಅದ್ಯಾವ ರಾಗ ಏಳ್ರೀ, ಮೇಷ್ಟ್ರಲ್ವಾ ನೀವು?" ಎಂದು ಈಗಲೂ ಕೇಳುತ್ತಾಳೆ.

ಮರೆತುಹೋಯಿತು ಎನ್ನುತ್ತೇನೆ.