ಮೂಲೆ ಮನೆಯ ಇನ್ನೂರ ಎಪ್ಪತ್ತು ಅಡಿ

ಆರ್ಡಿತ್ ಕ್ವಾಮೆಯ ಕೈಯಡುಗೆ ಉಣ್ಣದವರು ಮೊಂಟಾನಾದ ಆ ಪುಟ್ಟ ಊರಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದವಳು. ಪ್ರತಿ ಗುರುವಾರ ಮಾಂಸ, ಬೀನ್ಸ್ ಬೇಯಿಸಿದ ಖಾರದ ಚಿಲಿ ಸಾರು, ಜೊತೆಗೆ ದಾಲ್ಚಿನ್ನಿ ಹಾಕಿದ ಸುರುಳಿ ಬನ್ನು. ದುಡ್ಡು ಮರೆತು ಬಂದ ಮಕ್ಕಳಿಗೂ ತಟ್ಟೆ ತುಂಬಿಸಿಯೇ ಕಳಿಸುತ್ತಿದ್ದಳು. ತಿಂದವರಿಗೆ ಅದು ಎಷ್ಟು ನೆನಪಿತ್ತು ಅನ್ನುವುದನ್ನು ನೀವೇ ನೋಡಿ.

ಗಂಡ ಎಲ್ಮರ್ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಸಣ್ಣ ಪಿಂಚಣಿ ಮತ್ತು ಲೈಲಾಕ್ ಹೂಗಿಡಗಳ ಬೇಲಿಯ ಮೂಲೆ ಮನೆ. ಆ ಮೂಲೆಯೇ ಮುಳುವಾಯಿತು. ಬೀದಿಗೆ ಡಾಂಬರು, ಚರಂಡಿ ಮಾಡಿಸಲು ಬಾಂಡ್ ಮೇಲೆ ಸಾಲ ಎತ್ತುವುದೆಂದು ಊರ ಕೌನ್ಸಿಲ್ ಹೊರಟಿತು. ಸಾಲ ತೀರಿಸಬೇಕಾದವರು ಬೀದಿಯ ಮನೆಯವರು: ರಸ್ತೆಗೆ ಎಷ್ಟು ಅಡಿ ತಾಗಿದೆಯೋ ಅಷ್ಟು ಪಾಲು, ಪ್ರತಿ ನವೆಂಬರ್, ಇಪ್ಪತ್ತು ವರ್ಷ. ಮೂಲೆ ಮನೆಗೆ ಎರಡು ಕಡೆಯ ಲೆಕ್ಕ. ಇನ್ನೂರ ಎಪ್ಪತ್ತು ಅಡಿ, ವರ್ಷಕ್ಕೆ ಸಾವಿರದ ಮುನ್ನೂರು ಡಾಲರ್.

ಸಭೆಯಲ್ಲಿ ಆರ್ಡಿತ್ ಎದ್ದು ನಿಂತು ಕೂಗಾಡಿದಳು.

"ಇದನ್ನ ನನ್ನ ತಲೆಗೆ ಕಟ್ಟಿದ್ರೆ ಮನೆ ಹೋಗತ್ತೆ ಕಣ್ರೋ! ಬೇಡ ಅಂದ್ರೆ ಬೇಡ!"

"ಕೇಳಿಸ್ತು ಆರ್ಡಿತ್, ಇಡೀ ಕೌಂಟಿಗೇ ಕೇಳಿಸ್ತು," ಅಂದ ಮೇಯರ್. ಜನ ಚಪ್ಪಾಳೆ ತಟ್ಟಿದರು.

ಬೀದಿ ಒಟ್ಟು ಎರಡು ಸಾವಿರ ಅಡಿ. ಮೂವತ್ತು ದಿನದೊಳಗೆ ಅರ್ಧಕ್ಕಿಂತ ಹೆಚ್ಚು ಅಡಿಯವರು ಬೇಡವೆಂದು ಬರೆದುಕೊಟ್ಟರೆ ಯೋಜನೆ ಬಿದ್ದುಹೋಗುತ್ತದೆ. ಬರೆಯದವರು ಒಪ್ಪಿದ ಹಾಗೆ. ಪಾಪದ ಹೆಂಗಸು, ನಿಂಬೆ ಕೇಕಿನ ಡಬ್ಬಿ ಹಿಡಿದು ಮನೆಮನೆ ಅಲೆದಳು. ಸೋಮಾರಿಗಳ ಎದುರು ಕೂತು, ಪೆನ್ನು ಕೈಗಿಟ್ಟು ಬರೆಸಿದಳು. ಹದಿನಾಲ್ಕು ಕಾಗದವಾಯಿತು. ಕೊನೆಯ ದಿನ ಒಯ್ದು ಊರ ಗುಮಾಸ್ತೆ ಮೇವಿಸ್‌ಳ ಮೇಜಿನ ಮೇಲಿಟ್ಟಳು.

ಮೇವಿಸ್ ಒಂದೊಂದೇ ಹೆಸರು ಓದಿ ಮೊಹರು ಒತ್ತಿದಳು. ಅದರಲ್ಲಿ ಯಾರ ಹೆಸರು ಬಿಟ್ಟುಹೋಗಿದೆಯೆಂದು ಅವಳಿಗೆ ಕಂಡಿತ್ತು. ಕಂಡೂ ತುಟಿ ಬಿಚ್ಚಲಿಲ್ಲ.

"ಎಲ್ಲ ಸರಿಯಿದ್ಯೇನೇ?"

"ಹದಿನಾಲ್ಕೂ ಸರಿಯಾಗಿವೆ," ಎಂದು ಡಬ್ಬಿಯಲ್ಲಿ ಉಳಿದಿದ್ದ ಕೇಕಿನ ತುಂಡನ್ನು ಬಾಯಿಗೆ ಹಾಕಿಕೊಂಡಳು.

ಹದಿನಾಲ್ಕು ಕಾಗದ ಸೇರಿ ಎಂಟುನೂರ ತೊಂಬತ್ತು ಅಡಿ, ಅರ್ಧಕ್ಕೆ ನೂರಹತ್ತು ಕಮ್ಮಿ. ಊರೆಲ್ಲ ಕೇಳುವಂತೆ ಬೇಡವೆಂದು ಕೂಗಿದವಳು ತನ್ನದೊಂದು ಕಾಗದ ಬರೆಯುವುದನ್ನೇ ಮರೆತಿದ್ದಳು. ಮರೆತದ್ದೂ ಅಲ್ಲ, ಸಭೆಯಲ್ಲಿ ಕೂಗಿದ ಮೇಲೆ ಕಾಗದವೂ ಬೇಕಾಗುತ್ತದೆಂದು ಅವಳಿಗೆ ಹೊಳೆದಿರಲಿಲ್ಲ. ಅವಳ ಇನ್ನೂರ ಎಪ್ಪತ್ತು ಅಡಿ ಒಪ್ಪಿಗೆಯ ಪಟ್ಟಿಗೆ ಹೋಯಿತು, ಯೋಜನೆ ಗೆದ್ದಿತು.

"ಅವತ್ತು ನಿನ್ನ ಮುಂದೇನೇ ನಿಂತಿದ್ನಲ್ಲೇ! ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಆರ್ಡಿತ್ ಗುಮಾಸ್ತೆಯ ಮೇಜಿಗೇ ಹೋಗಿ ಕೇಳಿದಳು.

"ಜನಕ್ಕೆ ಬುದ್ಧಿ ಹೇಳೋಕೆ ನಂಗೆ ಸಂಬಳ ಕೊಡಲ್ಲ," ಅಂದಳು ಮೇವಿಸ್.

ಇನ್ನು ಬೀದಿಯವರ ಬಾಯಿ ಕೇಳಬೇಕೆ? ಎದುರು ಮನೆಯ ಗಾರ್ವಿನ್, ಮೊದಲ ಕಾಗದ ಬರೆದವನು, ಹಾದಿಯಲ್ಲೇ ತಡೆದು ನಿಲ್ಲಿಸಿದ.

"ನಮ್ಮ ಹತ್ರ ಎಲ್ಲ ಬೇಡ ಅಂತ ಬರೆಸ್ಕೊಂಡು ನೀನೇ ಹೂಂ ಅಂದ್ಯಲ್ಲ, ಮಾರಾಯ್ತಿ!"

ಅಂದಿನಿಂದ ಅವಳು 'ಹೂಂ ಆರ್ಡಿತ್'. ಪ್ರತಿ ನವೆಂಬರ್ ಬಿಲ್ಲು ಬಂದ ವಾರ ಅಂಚೆ ಕಚೇರಿಯಲ್ಲಿ ಅದನ್ನು ಹೊಸದಾಗಿ ಹೇಳಿ ನಗುತ್ತಿದ್ದರು. ಚರ್ಚಿನ ಕಾಫಿಗೆ ಕೂತರೆ ಪಕ್ಕದ ಕುರ್ಚಿ ಖಾಲಿ. ಅವಳ ಬನ್ನು ತಿಂದು ಬೆಳೆದ ಹೊಟ್ಟೆಗಳೇ ಅವೆಲ್ಲ, ನಾಚಿಕೆಗೆಟ್ಟವು!

ಮೊದಲ ವರ್ಷದ ಕಂತಿಗೆ ಎಲ್ಮರ್‌ನ ಪಿಕಪ್ ಗಾಡಿ ಹೋಯಿತು. ಎರಡನೆಯದಕ್ಕೆ ಅವನ ಬೇಟೆಯ ಬಂದೂಕುಗಳು. ಮೂರನೆಯದು, ನಾಲ್ಕನೆಯದು ಬಾಕಿ ಬಿದ್ದು ಜಪ್ತಿಯ ನೋಟೀಸು ಬಂತು. ಆಗ ಗಾರ್ವಿನ್ ಬಂದು ಮನೆಗೆ ಅರ್ಧ ಬೆಲೆ ಹೇಳಿದ.

"ಏನಂತೀಯ? ಹೂಂ ಅನ್ನೋದು ನಿಂಗೆ ಅಭ್ಯಾಸ ಇದೆಯಲ್ಲ."

ಅವಳು ಹೂಂ ಅಂದಳು. ಮರುವಾರವೇ ಅವನು ಲೈಲಾಕ್ ಬೇಲಿ ಕಡಿಸಿ ಅಲ್ಲಿ ತನ್ನ ದೋಣಿ ನಿಲ್ಲಿಸಿದ.

ಆರ್ಡಿತ್ ಊರಾಚೆ ಜಲ್ಲಿ ರಸ್ತೆಯ ಪಕ್ಕ, ಯಾರದೋ ಜಾಗದಲ್ಲಿ, ಗಾಲಿ ಮೇಲಿನ ಹಳೇ ಟ್ರೈಲರ್ ಮನೆಗೆ ಬಾಡಿಗೆಗೆ ಸೇರಿಕೊಂಡಳು. ಎರಡು ವರ್ಷ ಕಳೆದಿತ್ತು. ಒಂದು ವಸಂತದ ಬೆಳಗ್ಗೆ ಎದುರಿನ ಕಂಬದ ಮೇಲೆ ನೋಟೀಸು: ಈ ರಸ್ತೆಗೂ ಡಾಂಬರು, ಮೂವತ್ತು ದಿನ ಸಮಯ. ಈ ಸಲ ಆರ್ಡಿತ್ ಯಾರ ಬಾಗಿಲನ್ನೂ ತಟ್ಟಲಿಲ್ಲ. ಅಂದೇ ಕೂತು ಬೇಡವೆಂದು ದುಂಡಗೆ ಬರೆದಳು, ಸಹಿಯ ಕೆಳಗೆ ತಾರೀಖು ಹಾಕಿದಳು, ಎರಡು ಮೈಲಿ ನಡೆದು ಮೇವಿಸ್‌ಳ ಮೇಜಿನ ಮೇಲಿಟ್ಟಳು. ಮೊದಲ ಕಾಗದ ಅವಳದೇ.

ಮೇವಿಸ್ ಓದಿದಳು. ಮೊಹರು ಮುಟ್ಟಲಿಲ್ಲ.

"ಇದು ನಡೆಯಲ್ಲ. ಜಾಗದ ಮಾಲೀಕರು ಬರೆದ್ರೆ ಮಾತ್ರ."

"ಬಾಡಿಗೆ ಏರತ್ತಲ್ಲೇ?"

"ಏರತ್ತೆ."

"ಹಾಗಾದ್ರೆ ನಾನು ಸುಮ್ನಿದ್ರೂ ಒಪ್ಪಿದ ಹಾಗಾ?"

"ಇಲ್ಲ ಬಿಡಿ. ನೀವು ಬೇಕು ಅಂದ್ರೂ ಬೇಡ ಅಂದ್ರೂ ಈಗ ಲೆಕ್ಕಕ್ಕಿಲ್ಲ."

ಕಾಗದವನ್ನು ಅವಳ ಕಡೆಗೆ ತಳ್ಳಿ, ಮೇವಿಸ್ ಮೇಜಿನಾಚೆ ಬಗ್ಗಿ ಅವಳ ಕೈಗಳನ್ನು ನೋಡಿದಳು.

"ಈ ಸಲ ನಿಂಬೆ ಕೇಕ್ ತರ್ಲಿಲ್ವಾ?"